ಹಗ್ಗ ಹಿಡಿದು ಎಕ್ಸಿಬಿಷನ್ನಿಗೆ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ದೊಡ್ಡ ಜಾಗಕ್ಕೆ ಹೋದವರು ಹೋದ ಹಾಗೆಯೇ ವಾಪಸು ಬಂದದ್ದನ್ನು ನಾನಂತೂ ಕಂಡಿಲ್ಲ. ‘ನಮಗೆ ಏನೂ ಆಗಲಿಲ್ಲ’ ಎಂದು ಯಾರಾದರೂ ಹೇಳಿದರೆ, ಅವರು ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು ಎಂದು ತಿಳಿಯಬೇಕು.

ಅರವತ್ತರ ದಶಕದ ಮೊದಲಲ್ಲಿ ನಾನು ಕದ್ರಿಯ ಹತ್ತಿರದ ಒಂದು ಶಿಶುವಿಹಾರದಲ್ಲಿ ಟೀಚರಾಗಿದ್ದೆ. ಖಾಯಂ ಅಲ್ಲ, ತಾತ್ಕಾಲಿಕ. ಆ ವರ್ಷ ಮೈದಾನದಲ್ಲಿ ದೊಡ್ಡ ಎಕ್ಸಿಬಿಷನ್ ಬಂತು. ಆಕಾಶಕ್ಕೆ ಏರುವ ತೊಟ್ಟಿಲು, ಸುತ್ತುವ ಮರದ ಕುದುರೆಗಳು, ನಗಿಸುವ ಕನ್ನಡಿಗಳು, ಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವ ಮರಣಬಾವಿ, ಎಲ್ಲ ಉಂಟು. ಮಕ್ಕಳಿಗೆ ತೋರಿಸಿದರೆ ಹೇಗೆ ಎಂದು ಬಾಯಿ ಹಾಕಿದವಳು ನಾನೇ.

ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಹುದ್ದೆಯಲ್ಲೂ ದೊಡ್ಡವರು, ಗಾತ್ರದಲ್ಲೂ ದೊಡ್ಡವರು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಹೋಗುವ. ಹೋದಷ್ಟು ಮಕ್ಕಳು ವಾಪಸು ಬಂದರೆ ಜೂನಿನಿಂದ ನಿನ್ನನ್ನು ಖಾಯಂ ಮಾಡುವುದನ್ನು ನೋಡುವ. ಒಂದು ಕಡಿಮೆಯಾದರೆ ನೀನೂ ಬರುವುದು ಬೇಡ” ಎಂದರು. ನನ್ನ ಮೇಲೆ ನಂಬಿಕೆ ಎಷ್ಟಿತ್ತೆಂದರೆ, ತಾವೇ ಹೊರಟು ನಿಂತರು. ರಜೆಗೆ ಬಂದಿದ್ದ ನಾಲ್ಕು ವರ್ಷದ ಮೊಮ್ಮಗನನ್ನೂ ಜೊತೆಗೆ ಕರೆತಂದರು.

ಕಂಬ

ಆ ವಯಸ್ಸಿನ ಮಕ್ಕಳನ್ನು ಸಾಲಾಗಿ ನಡೆಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ಇಟ್ಟು ತೂಗಿದ ಹಾಗೆ. ಅದಕ್ಕೆ ನಮ್ಮಲ್ಲಿ ಒಂದು ಉಪಾಯವಿತ್ತು. ಬಾವಿಯ ಹಳೆಯ ಹಗ್ಗಕ್ಕೆ ಸಾಲಾಗಿ ಗಂಟು ಹಾಕಿ, ಒಂದೊಂದು ಮಗುವಿಗೆ ಒಂದೊಂದು ಗಂಟು. ಮುಂದಿನ ತುದಿ ನನ್ನ ಕೈಯಲ್ಲಿ, ಹಿಂದಿನ ತುದಿ ಸುರತ್ಕಲ್ ಕಡೆಯ ನಮ್ಮ ಆಯಾಳ ಕೈಯಲ್ಲಿ. “ಏನೇ ಆಗಲಿ, ಗಂಟು ಬಿಡಬಾರದು” ಎಂದು ವಾರವಿಡೀ ಅಂಗಳದಲ್ಲಿ ಅಭ್ಯಾಸ ಮಾಡಿಸಿದ್ದೆ.

ಮಕ್ಕಳು ಕಲಿತದ್ದು ಸ್ವಲ್ಪ ಹೆಚ್ಚೇ ಆಯಿತು. ದಾರಿಯಲ್ಲಿ ಒಂದು ಲೈಟು ಕಂಬ. ನಾನು ಅದರ ಎಡಗಡೆಯಿಂದ ಹೋದೆ, ನನ್ನ ಹಿಂದೆ ಅರ್ಧ ಸಾಲೂ ಬಂತು. ಮಧ್ಯದ ಹುಡುಗಿಯೊಬ್ಬಳು ಅಲ್ಲಿದ್ದ ನಾಯಿಮರಿ ನೋಡಲೆಂದು ಬಲಗಡೆಗೆ ತಿರುಗಿದಳು. ಉಳಿದವರು ಅವಳ ಹಿಂದೆ. ಹಗ್ಗ ಕಂಬಕ್ಕೆ ಸಿಕ್ಕಿ ಬಿಗಿಯಾಯಿತು.

“ಗಂಟು ಬಿಡಿ ಮಕ್ಕಳೇ” ಎಂದೆ.

“ಬಿಡಬಾರದು!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಸಾಲಿನ ಬಾಲ ರಸ್ತೆಗೆ ಅಡ್ಡವಾಯಿತು, ಬಸ್ಸು ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿ, “ಎಂತ ಟೀಚರೇ, ದನ ಕಟ್ಟಿದ ಹಾಗೆ ಕಂಬಕ್ಕೆ ಕಟ್ಟಿದ್ದೀರಿ? ಹುಲ್ಲು ಹಾಕಿದ್ದೀರಾ?” ಎಂದ.

ಹಿಂದಿನಿಂದ ಆಯಾ ಉತ್ತರ ಕೊಟ್ಟಳು: “ಹಾಕಿ ಆಗಿದೆ. ನಿಮಗೂ ಬೇಕಾದರೆ ಇಳಿದು ಬನ್ನಿ.”

ಕನ್ನಡಿ

ಕನ್ನಡಿಯ ಡೇರೆಯಲ್ಲಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆಂದು ನಾನು ಎಣಿಸಿದ್ದೆ. ಮೊದಲ ಕನ್ನಡಿಯಲ್ಲಿ ನಾನು ನುಗ್ಗೆಕೋಡಿನ ಹಾಗೆ ಉದ್ದವಾದೆ. ಯಾರೂ ನಗಲಿಲ್ಲ. ಅವರ ಎತ್ತರದಿಂದ ನೋಡಿದರೆ ಟೀಚರ್ ಯಾವಾಗಲೂ ಹಾಗೆಯೇ ಕಾಣುತ್ತಿದ್ದಳೋ ಏನೋ!

ಎರಡನೆಯ ಕನ್ನಡಿಯಲ್ಲಿ ನನ್ನ ಕೆನ್ನೆ ಉಬ್ಬಿತು, ಕುತ್ತಿಗೆ ಮಾಯವಾಯಿತು, ಸೊಂಟ ಡೇರೆಯಷ್ಟು ಅಗಲವಾಯಿತು. ಈಗಲಾದರೂ ನಗುತ್ತಾರೆಂದು ತಿರುಗಿ ನೋಡಿದರೆ ಎಲ್ಲರೂ ಸೆಟೆದು ನಿಂತಿದ್ದಾರೆ. ಗಂಟನ್ನು ಅಂಗೈಗಳ ನಡುವೆ ಇಟ್ಟುಕೊಂಡೇ ಕೈ ಮುಗಿದು, ಬೆಳಗಿನ ಪ್ರಾರ್ಥನೆಯ ಹೊತ್ತಿನ ಅದೇ ರಾಗದಲ್ಲಿ ಹಾಡಿದರು:

“ನಮಸ್ತೇ... ದೊಡ್ಡ... ಟೀಚರ್...”

ದೊಡ್ಡ ಟೀಚರ್ ನನ್ನ ಹಿಂದೆಯೇ ನಿಂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಒಮ್ಮೆ ಕನ್ನಡಿಯನ್ನು, ಒಮ್ಮೆ ನನ್ನನ್ನು ನೋಡಿ, “ಈ ಡೇರೆಯಲ್ಲಿ ಶೆಕೆ ಜಾಸ್ತಿ ಉಂಟು” ಎಂದು ಹೊರಗೆ ನಡೆದರು. ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡವಳು ಕುದುರೆಯ ಹತ್ತಿರ ಬರುವವರೆಗೂ ತೆಗೆಯಲಿಲ್ಲ.

ಉಳ್ಳಾಲ

ಮಕ್ಕಳನ್ನು ಹತ್ತಿಸಿ, ಗಂಟೆ ಹೊಡೆದು ಮರದ ಕುದುರೆಗಳನ್ನು ಸುತ್ತಿಸಿದರು. ಪ್ರತಿ ಸುತ್ತಿಗೂ ಪ್ರತಿ ಮಗು ನನಗೆ ಟಾಟಾ ಮಾಡಬೇಕು, ನಾನು ಪ್ರತಿಯೊಬ್ಬರಿಗೂ ತಿರುಗಿ ಮಾಡಬೇಕು. ಒಂದು ತಪ್ಪಿದರೆ ಮುಂದಿನ ಸುತ್ತಿನಲ್ಲಿ ಆ ಮಗು ಅಳುತ್ತಾ ಬರುತ್ತಿತ್ತು. ಆಟ ನಿಂತಾಗ ನನ್ನ ರಟ್ಟೆಯೇ ಕಳಚಿ ಬಿದ್ದಂತಾಗಿತ್ತು.

ಎಲ್ಲರೂ ಇಳಿದರು. ಬಂದರಿನ ವ್ಯಾಪಾರಿಗಳ ಮನೆಯ ಬ್ಯಾರಿ ಹುಡುಗನೊಬ್ಬ ಮಾತ್ರ ಕುದುರೆಯ ಕುತ್ತಿಗೆ ತಬ್ಬಿ ಕುಳಿತುಬಿಟ್ಟ.

“ಇಳಿ ಮಗಾ.”

“ಇಳಿಯುವುದಿಲ್ಲ. ಇನ್ನೂ ಉಳ್ಳಾಲ ಬರಲಿಲ್ಲ.”

ಹೊಳೆಯಾಚೆ ಉಳ್ಳಾಲದಲ್ಲಿ ಅವನ ಅಜ್ಜಿಯ ಮನೆ. ಕುದುರೆ ಹತ್ತಿದ್ದೇ ಅಲ್ಲಿಗೆ ಹೋಗಲಿಕ್ಕೆ! ಕುದುರೆ ನಡೆಸುವ ಮನುಷ್ಯ ಜಾಣ. ಗಂಟೆ ಹೊಡೆದು, “ಉಳ್ಳಾಲ, ಉಳ್ಳಾಲ! ಇಳಿಯುವವರು ಇಳಿಯಿರಿ!” ಎಂದು ಕೂಗಿದ. ಹುಡುಗ ಗಂಭೀರವಾಗಿ ಇಳಿದ. ಸುತ್ತ ನೋಡಿದ. ಆಮೇಲೆ ಶುರುವಾಯಿತು ನೋಡಿ ಅಳು: “ಅಜ್ಜಿ ಎಲ್ಲಿ? ಅಜ್ಜಿ ಎಲ್ಲಿ?”

“ಅಜ್ಜಿ ಸಂತೆಗೆ ಹೋಗಿದ್ದಾರೆ ಮಾರಾಯ, ಈಗ ಬರ್ತಾರೆ” ಎಂದು ಆ ಮನುಷ್ಯನೇ ಸಮಾಧಾನ ಮಾಡಿದ.

ಮರುದಿನ ಹುಡುಗನ ತಂದೆ ಶಾಲೆಗೆ ಬಂದರು. “ಟೀಚರೇ, ಉಳ್ಳಾಲಕ್ಕೆ ಕುದುರೆ ಬಿಟ್ಟಿದ್ದಾರಂತೆ, ದೋಣಿಗಿಂತ ಬೇಗ ಮುಟ್ಟುತ್ತದಂತೆ. ಎಲ್ಲಿಂದ ಹೊರಡುವುದು?”

ದೊಡ್ಡ ಟೀಚರ್

ಇಷ್ಟಾಗಿ ಹೊರಡುವ ಹೊತ್ತಾಯಿತು. ಗೇಟಿನ ಹತ್ತಿರ ದೊಡ್ಡ ಟೀಚರ್ ಕೊಡೆಯ ತುದಿಯಿಂದ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. ತಂದ ಲೆಕ್ಕಕ್ಕೆ ಸರಿಯಾಗಿತ್ತು. ಅವರ ಮುಖದಲ್ಲಿ ನಗು ಕಂಡಿತು, ನನ್ನ ಕಣ್ಣಿಗೆ ಜೂನ್ ತಿಂಗಳು ಕಂಡಿತು.

ಅಷ್ಟರಲ್ಲಿ ಒಬ್ಬ ಹೆಂಗಸು ಓಡಿಬಂದು, ಸಾಲಿನ ಕೊನೆಯ ಮಗುವನ್ನು ಎತ್ತಿ ಸೊಂಟಕ್ಕೆ ಏರಿಸಿದಳು.

“ಏ! ಎಂತ ಮಾಡ್ತೀರಿ?” ಎಂದೆ.

“ಇದು ನನ್ನದು ಟೀಚರೇ. ಮರಣಬಾವಿಗೆ ಇವನನ್ನು ಕರೆದುಕೊಂಡು ಹೋದರೆ ಹೆದರ್ತಾನೆ. ನಿಮ್ಮ ಲೈನು ಚಂದ ಇತ್ತು, ಒಂದು ಗಂಟು ಖಾಲಿ ಇತ್ತು, ಹಿಡಿಸಿ ಹೋದೆ. ಉಪಕಾರ ಆಯ್ತು” ಎಂದು ಹೋಗಿಯೇಬಿಟ್ಟಳು.

ನಾನು ಆಯಾಳ ಮುಖ ನೋಡಿದೆ. ಆಯಾ, “ನನ್ನ ಕೈಯಲ್ಲಿ ಹಗ್ಗ ಇತ್ತು ಟೀಚರೇ, ಕಣ್ಣು ಮರಣಬಾವಿ ಕಡೆ ಇತ್ತು” ಎಂದಳು.

ಹಾಗಾದರೆ ಒಂದು ಮಗು ಕಡಿಮೆ! “ನಿನ್ನ ಕೆಲಸ ಹೋಯಿತು ಅಂತಲೇ ತಿಳಿ” ಎಂದು ದೊಡ್ಡ ಟೀಚರ್ ಗುಡುಗಿದರು. ನಾನು ಒಂದೊಂದೇ ಮುಖ ನೋಡಿದೆ. ಆಶ್ಚರ್ಯ! ನನ್ನ ತರಗತಿಯ ಮಕ್ಕಳೆಲ್ಲ ಅವರವರ ಗಂಟಿನಲ್ಲೇ ಇದ್ದರು. ಮತ್ತೆ ಕಡಿಮೆಯಾದವರು ಯಾರು?

ಉತ್ತರ ಮೈಕಿನಲ್ಲಿ ಬಂತು.

“ಗಮನಿಸಿ! ಶಿಶುವಿಹಾರದ ದೊಡ್ಡ ಟೀಚರ್ ಕಳೆದುಹೋಗಿದ್ದಾರೆ. ದಪ್ಪ ಮೈ, ಕನ್ನಡಕ ಉಂಟು, ಕೈಯಲ್ಲಿ ಕೊಡೆ. ಕಂಡವರು ದಯವಿಟ್ಟು ಆಫೀಸಿಗೆ ತಂದು ಒಪ್ಪಿಸಬೇಕು.”

ಕಳೆದುಹೋದದ್ದು ಅವರ ಮೊಮ್ಮಗ! “ಅವನಿಗೆ ಹಗ್ಗ ಬೇಡ, ನಾನೇ ಇದ್ದೇನೆ” ಎಂದು ಅವರೇ ಅವನನ್ನು ಹೊರಗೆ ಇಟ್ಟು, ಅವನ ಗಂಟನ್ನು ಖಾಲಿ ಬಿಟ್ಟಿದ್ದರು; ಲೆಕ್ಕದಲ್ಲಿ ಮಾತ್ರ ಅವನೂ ಸೇರಿದ್ದ. ಆಫೀಸಿನಲ್ಲಿ ವಿಚಾರಿಸಿದಾಗ ಅವನು, “ನಾನು ಕಳೆದುಹೋಗಲಿಲ್ಲ. ದೊಡ್ಡ ಟೀಚರ್ ಕಳೆದುಹೋದದ್ದು” ಎಂದು ಹಟ ಹಿಡಿದಿದ್ದನಂತೆ.

ದೊಡ್ಡ ಟೀಚರ್ ಹೆಜ್ಜೆ ಎತ್ತುವ ಮೊದಲೇ ಜನ ಸುತ್ತಿಕೊಂಡರು. “ಇಲ್ಲಿದ್ದಾರೆ! ಸಿಕ್ಕಿದರು!” ಎಂದು ಇಬ್ಬರು ಕೈ ಹಿಡಿದು, ಒಬ್ಬ ಕೊಡೆ ಹಿಡಿದು, ಅವರನ್ನು ಮೆರವಣಿಗೆಯಲ್ಲಿ ಆಫೀಸಿಗೆ ತಂದರು. ಹಿಂದೆ ನಾವು, ಹಗ್ಗದ ಸಮೇತ.

ಅಲ್ಲಿ ಮೊಮ್ಮಗ ಮೇಜಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದ. ಅವನನ್ನು ಕಂಡದ್ದೇ ದೊಡ್ಡ ಟೀಚರ್, ಗಾಬರಿಯೋ ಕೋಪವೋ, “ಎಲ್ಲಿ ಹೋಗಿದ್ದೆ ಮಂಗಾ?” ಎಂದು ಕೊಡೆ ಎತ್ತಿದರು. ಹುಡುಗ ಹೆದರಿ ಮೈಕಿನವನ ಹಿಂದೆ ಅಡಗಿದ.

“ಮಗೂ, ಇವರು ನಿನ್ನ ಅಜ್ಜಿಯಾ?” ಎಂದು ಮೈಕಿನವನು ಕೇಳಿದ.

“ಅಲ್ಲ!” ಎಂದ ಮೊಮ್ಮಗ.

“ಗುರುತು ಸಿಗದೆ ನಾನು ಮಗು ಕೊಡುವ ಹಾಗಿಲ್ಲಮ್ಮ” ಎಂದ ಮೈಕಿನವನು. ದೊಡ್ಡ ಟೀಚರ ಕಣ್ಣಲ್ಲಿ ನೀರು ಬಂತು. ಆತ ನನ್ನ ಕಡೆ ತಿರುಗಿದ. “ನಿಮಗೆ ಇವರ ಗುರುತು ಉಂಟಾ ಟೀಚರೇ?”

ದೊಡ್ಡ ಟೀಚರ್ ನನ್ನನ್ನು ನೋಡಿದರು. ಪಾಪ ಅನ್ನಿಸಿತು. ಆದರೆ ಇಂಥ ಹೊತ್ತು ಜೀವನದಲ್ಲಿ ಎರಡು ಸಲ ಬರುವುದಿಲ್ಲ.

“ಮುಖ ಎಲ್ಲೋ ನೋಡಿದ ಹಾಗೆ ಉಂಟು” ಎಂದೆ. “ಜೂನಿನಿಂದ ನನ್ನನ್ನು ಖಾಯಂ ಮಾಡುವವರು ಇವರೇ ಇರಬೇಕು.”

“ಇವತ್ತಿನಿಂದಲೇ ಖಾಯಂ ಮಾರಾಯ್ತಿ!” ಎಂದರು ದೊಡ್ಡ ಟೀಚರ್. “ಮೊದಲು ನಾನು ಯಾರೂಂತ ಹೇಳು!”