ಪಿಟೀಲಿಗೆ ವಯೊಲಿನ್ ಅಂದ ಪ್ರಸಂಗ

ಡೆಲ್ಮರ್ ಸ್ಟಿಡಮ್‌ನ ಗ್ರಹಚಾರ ಶುರುವಾದದ್ದು ಫೋನು ರಿಂಗಾಗದೆ ಇದ್ದದ್ದರಿಂದ. ರಿಂಗಾಗದಿರುವುದೇನೂ ಹೊಸ ವಿಷಯವಲ್ಲ. ಶನಿವಾರ ಹನ್ನೊಂದಕ್ಕೆ ಅವನು ಹಳೇ ಕಂಟ್ರಿ ಹಾಡು, ಅಂದರೆ ಹಳ್ಳಿಗಾಡಿನ ಹಾಡು ಹಾಕುವ 'ಹಳೇ ಹಾಡಿನ ಗಂಟೆ' ಶುರುವಾಯಿತೆಂದರೆ ನಮ್ಮೂರು ಬ್ರಷಿ ಫೋರ್ಕಿನ ರೇಡಿಯೋ ಸ್ಟೇಷನ್ನಿನ ಫೋನು ಸುಮ್ಮನೆ ಮಲಗಿರುತ್ತಿತ್ತು. ಆದರೆ ಹೋದ ಶನಿವಾರ ಅದು ಮಲಗಿದ್ದನ್ನು ನೋಡುತ್ತ ಹೊಸ ಮ್ಯಾನೇಜರು ಟ್ರೆಂಟ್ ಗಂಟೆಪೂರ್ತಿ ಎದುರಿಗೇ ಕೂತಿದ್ದ. ಎಡವಟ್ಟಾದದ್ದು ಅಲ್ಲಿ.

ಈ ಶನಿವಾರ ಬೆಳಿಗ್ಗೆ ಡೆಲ್ಮರ್ ರೆಕಾರ್ಡುಗಳ ಪೆಟ್ಟಿಗೆ ಹೊತ್ತುಕೊಂಡು ಸ್ಟೇಷನ್ನಿನ ಮೆಟ್ಟಿಲು ಹತ್ತುವಷ್ಟರಲ್ಲೇ ಟ್ರೆಂಟ್ ಅಡ್ಡ ಬಂದ.

"ಡೆಲ್ಮರ್ ಅವರೇ, ಬೇಜಾರು ಮಾಡ್ಕೋಬೇಡಿ. ಇವತ್ತು ನಿಮ್ಮ ಪ್ರೋಗ್ರಾಮಿಗೆ ಜನ ಫೋನ್ ಮಾಡಿದ್ರೆ ಮುಂದುವರಿಸೋಣ. ಮಾಡಲಿಲ್ಲ ಅಂದ್ರೆ ಮುಂದಿನ ವಾರದಿಂದ ಆ ಹೊತ್ತಿಗೆ ಹೊಸ ಕಂಟ್ರಿ ಹಾಡು ಹಾಕ್ತೀವಿ."

"ಅದನ್ನ ಕಂಟ್ರಿ ಅಂತೀಯೇನಪ್ಪ? ಟ್ರಕ್ಕು, ಬಿಯರು, ಚಡ್ಡಿ ಹಾಕ್ಕೊಂಡಿರೋ ಹುಡುಗಿ. ಆಮೇಲೆ ಮತ್ತೆ ಟ್ರಕ್ಕು. ಅದೊಂದು ಹಾಡಾ?"

"ನಿಮ್ಮ ಹಾಡಲ್ಲಿ ಏನಿರುತ್ತೆ?"

"ರೈಲು, ವಿಸ್ಕಿ, ಸತ್ತುಹೋದ ತಾಯಿ," ಎಂದ ಡೆಲ್ಮರ್, ಎದೆ ಉಬ್ಬಿಸಿಕೊಂಡು.

ಟ್ರೆಂಟ್ ಗೋಡೆಯ ಗಡಿಯಾರ ತೋರಿಸಿ ಒಳಗೆ ಹೋದ.

ವಾರವೆಲ್ಲ ಡೆಲ್ಮರ್ ದನದ ಹಿಂಡಿ ಅಂಗಡಿಯಲ್ಲಿ ಮೂಟೆ ಹೊರುವವನು. ಅಲ್ಲಿ ಧಣಿಯ ಬೈಗುಳ, ಮನೆಗೆ ಬಂದರೆ ಹೆಂಡತಿ ವಿಲ್ಡಾಳ ಬೈಗುಳ. ಶನಿವಾರದ ಆ ಒಂದು ಗಂಟೆ ಮಾತ್ರ ಅವನು ಮನುಷ್ಯ. ಮೈಕಿನ ಮುಂದೆ ಕೂತು, ರೆಕಾರ್ಡಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿ, ಮುಳ್ಳನ್ನು ಮೆಲ್ಲಗೆ ಇಳಿಸಿ, ಆ ಕರಕರ ಸದ್ದಿನ ಹಿಂದೆ ಪಿಟೀಲು ಎದ್ದು ಬರುವುದನ್ನು ಕೇಳಿಸಿಕೊಂಡರೆ ಅವನಿಗೆ ಇನ್ನೊಂದು ವಾರ ಮೂಟೆ ಹೊರುವ ತಾಕತ್ತು ಬರುತ್ತಿತ್ತು. ಅದೂ ಹೋದರೆ ಇನ್ನೇನುಳಿಯಿತು? ಬರೀ ಹಿಂಡಿ.

ನೇರ ಡ್ರೇಮಾಳ ಹೋಟೆಲಿಗೆ ಹೋದ. ಊರಿನ ಕಂಟ್ರಿ ಸಂಗೀತ ಸತ್ತುಹೋಯಿತೆಂದು ದಿನಾ ಬೆಳಿಗ್ಗೆ ತಿಥಿ ಮಾಡುವವರೆಲ್ಲ ಅಲ್ಲೇ ಸೇರುವುದು. ಕಿಟಕಿ ಪಕ್ಕದ ಮೇಜಿನಲ್ಲಿ ಕ್ಷೌರದ ಹೋಬಾರ್ಟ್, ಆಡು ಸಾಕುವ ಬರ್ಲ್, ಹೆಂಗಸರಿಗೆ ಕೂದಲು ಸುರುಳಿ ಮಾಡಿಕೊಡುವ ಮಿಸ್ ಓವಲೀನ್, ಮೂವರೂ ಬನ್ನಿನಂಥ ಮೆತ್ತನೆ ಬಿಸ್ಕಿಟ್ಟಿನ ಮೇಲೆ ಗ್ರೇವಿ ಸುರಿದುಕೊಂಡು ಕೂತಿದ್ದರು. ಡೆಲ್ಮರ್ ನಿಂತುಕೊಂಡೇ ವಿಷಯ ಹೇಳಿದ.

"ಅಯ್ಯೋ, ಆ ಟ್ರೆಂಟನ ಮನೆ ಹಾಳಾಗ," ಅಂದಳು ಓವಲೀನ್. "ಇದ್ದದ್ದು ಒಂದು ಪ್ರೋಗ್ರಾಮು. ಅದನ್ನೂ ತೆಗೀತಾನಂತಾ?"

"ನೀವು ಕೇಳ್ತೀರಾ ಮಿಸ್ ಓವಲೀನ್?"

"ಕೇಳೋದು ಹೆಂಗಪ್ಪ? ನೀನು ಹಾಕೋ ಹಾಡು ಕೇಳಿದ್ರೆ ನನ್ನ ಗಿರಾಕಿಗಳೆಲ್ಲ ಗೊಳೋ ಅಂತಾರೆ. ಕಣ್ಣಿಗೆ ಬಳಿದಿದ್ದೆಲ್ಲ ಕೆನ್ನೆಗೆ ಇಳಿದು ದೆವ್ವದ ಥರ ಕಾಣ್ತಾರೆ. ಅದಕ್ಕೆ ಹೊಸ ಹಾಡೇ ಹಾಕ್ತೀನಿ. ಅದು ಕೇಳಿ ಯಾರಿಗೂ ಏನೂ ಆಗಲ್ಲ."

"ನೀನು, ಹೋಬಾರ್ಟ್?"

"ನಿನ್ನ ಪ್ರೋಗ್ರಾಮ್ ಅಂದ್ರೆ ನನಗೆ ಪ್ರಾಣ ಕಣೋ. ಯಾವಾಗ ಬರುತ್ತೆ ಅದು?"

ಡೆಲ್ಮರ್ ಸಿಟ್ಟು ನುಂಗಿಕೊಂಡ. ಇವತ್ತು ಎಲ್ಲರೂ ಫೋನ್ ಮಾಡಲೇಬೇಕು, ಹಳೇ ಕಂಟ್ರಿ ಬೇಕು ಅಂತ ಒಂದೇ ಮಾತು ಹೇಳಿ ಇಟ್ಟರೂ ಸಾಕು ಅಂತ ಕೇಳಿಕೊಂಡ, ಕೈಮುಗಿಯುವುದೊಂದು ಬಾಕಿ. ಮೂವರೂ ಆಗಲಿ ಅಂದರು. ಅಲ್ಲಿಗೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಬರ್ಲ್ ಕಾಫಿ ಹೀರಿ, "ಹಳೇ ಕಂಟ್ರಿ ಸತ್ತದ್ದು ಸ್ಟೇಜಿನ ಮೇಲೆ ಡ್ರಮ್ಮು ಬಂದ ದಿನ," ಅಂದುಬಿಟ್ಟ.

"ಡ್ರಮ್ಮಿಗೇನಾಗಿತ್ತು?" ಹೋಬಾರ್ಟ್ ಚಮಚ ಕೆಳಗಿಟ್ಟ. "ಡ್ರಮ್ಮು ಬಂದ ಮೇಲೂ ಚೆನ್ನಾಗೇ ಇತ್ತು. ಸತ್ತದ್ದು ಯಾವತ್ತು ಗೊತ್ತಾ? ಪಟ್ಟಣದವರು ಬಂದು ಪಿಟೀಲಿಗೆ ವಯೊಲಿನ್ ಅಂದರಲ್ಲ, ಅವತ್ತು."

"ಇಬ್ಬರಿಗೂ ಬುದ್ಧಿ ಇಲ್ಲ. ಗಂಡಸರು ಬಿಗಿ ಪ್ಯಾಂಟು ಹಾಕೋಕೆ ಶುರು ಮಾಡಿದ್ರಲ್ಲ, ಆಗ ಸತ್ತದ್ದು," ಅಂದಳು ಓವಲೀನ್.

ನಮ್ಮೂರಲ್ಲಿ ಇದೊಂದು ರೋಗ. ಯಾರನ್ನು ಕೇಳಿದರೂ ಸಂಗೀತ ಸತ್ತದ್ದು ಅವರವರ ಮದುವೆಯಾದ ವರ್ಷ. ಅದಕ್ಕೆ ಮುಂಚಿನದೆಲ್ಲ ಅಮೃತ, ಆಮೇಲಿನದೆಲ್ಲ ಗಂಜಲ. ಹೋಬಾರ್ಟ್ ಅಂತೂ ಮೇಜು ಕುಟ್ಟಿ ಕುಟ್ಟಿ, "ವಯೊಲಿನ್ ಅಂತೆ, ವಯೊಲಿನ್. ಎರಡಕ್ಕೂ ಅದೇ ಮರ, ಅದೇ ತಂತಿ. ಆದ್ರೆ ಕುಣಿಯೋರಿಗೆ ಬಾರಿಸಿದ್ರೆ ಪಿಟೀಲು, ಕೋಟು ಹಾಕ್ಕೊಂಡು ತೂಕಡಿಸೋರಿಗೆ ಬಾರಿಸಿದ್ರೆ ವಯೊಲಿನ್. ವಯೊಲಿನ್ ಅನ್ನೋನ ನಾಲಿಗೆಗೆ ಸೋಪು ಹಾಕಿ ತೊಳೀಬೇಕು," ಅಂತ ಒಂದೇ ಸಮನೆ ಶುರು ಮಾಡಿದ. ಡೆಲ್ಮರನ ತಲೆ ಗುಂಯ್ ಅನ್ನತೊಡಗಿತು. ಅವನು ಹೊರಟದ್ದನ್ನು ಮೂವರೂ ನೋಡಲೇ ಇಲ್ಲ.

ಹನ್ನೊಂದಾಯಿತು. ಡೆಲ್ಮರ್ ಮೈಕಿನ ಮುಂದೆ ಕೂತ. ಗಾಜಿನಾಚೆ ಟ್ರೆಂಟ್ ಕೈಕಟ್ಟಿ ಕೂತ. ಇಬ್ಬರ ನಡುವೆ ಫೋನು.

ಮೊದಲ ಹಾಡು ಹಾಕಿದ. ಅದರಲ್ಲಿ ಸ್ಟೀಲ್ ಗಿಟಾರು ಎಂಥಾ ಅಳು ಅಳುತ್ತದೆಂದರೆ ಕಲ್ಲಿಗೂ ಮೂಗು ಸೋರಬೇಕು. ಫೋನು ಮಿಸುಕಲಿಲ್ಲ. ಎರಡನೆಯದು ಹಾಕಿದ. ಆಗಲೂ ಇಲ್ಲ. ಟ್ರೆಂಟ್ ಆಕಳಿಸಿದ. ಮೂರನೆಯ ಹಾಡಿನ ನಡುವೆ ಫೋನು ಕಿರ್ರ್ ಅಂದಾಗ ಡೆಲ್ಮರ್ ಕುರ್ಚಿಯಿಂದ ಜಾರಿ ಬೀಳುವುದೊಂದು ಉಳಿಯಿತು. ಹಾಡು ತಗ್ಗಿಸಿ ಫೋನನ್ನು ರೇಡಿಯೋಕ್ಕೆ ಜೋಡಿಸಿದ.

"ಹಲೋ, ನಾನು ಬರ್ಲ್."

"ಹೇಳು ಬರ್ಲ್, ಹೇಳು." ಆಪತ್ತಿಗಾದವನೇ ನೆಂಟ ಅಂದುಕೊಂಡ ಡೆಲ್ಮರ್.

"ನನ್ನ ಹತ್ತಿರ ಒಂದು ಹೋತ ಮಾರಾಟಕ್ಕಿದೆ. ಒಳ್ಳೇ ಜಾತಿ. ಹಾಯೋದಿಲ್ಲ."

ಆಗಿದ್ದಿಷ್ಟೇ. ಡೆಲ್ಮರನ ಗಂಟೆಗೆ ಮುಂಚೆ ನಮ್ಮ ರೇಡಿಯೋದಲ್ಲಿ ಕೊಡೋ-ಕೊಳ್ಳೋ ಕಾರ್ಯಕ್ರಮ ಇರುತ್ತದೆ. ಹಳೇ ಫ್ರಿಜ್ಜು, ಬೇಟೆನಾಯಿ ಮರಿ, ಟ್ರ್ಯಾಕ್ಟರ್ ಟೈರು, ಎಲ್ಲ ಅದರಲ್ಲೇ ಮಾರಾಟ. ರೇಡಿಯೋಕ್ಕೆ ಫೋನ್ ಮಾಡುವುದು ಅಂದರೆ ಏನಾದರೂ ಮಾರುವುದು ಅಂತಲೇ ನಮ್ಮ ಜನಕ್ಕೆ ರೂಢಿ. ಫೋನು ಕೈಗೆ ಬಂತೋ, ಬರ್ಲನ ಬಾಯಿಂದ ಹೋತ ಬಂತು.

"ಬರ್ಲ್, ಹಾಡಿನ ಬಗ್ಗೆ ಹೇಳೋ," ಡೆಲ್ಮರ್ ಹಲ್ಲು ಕಚ್ಚಿ ಹೇಳಿದ.

"ಹಾಡೋದಿಲ್ಲ. ಸುಮ್ಮನಿರುತ್ತೆ. ಬೇಲಿ ಮಾತ್ರ ಹಾರುತ್ತೆ, ಸುಳ್ಳು ಯಾಕೆ ಹೇಳಲಿ," ಅಂದು ಬರ್ಲ್ ಫೋನಿಟ್ಟ.

ಗಾಜಿನಾಚೆಯಿಂದ ಟ್ರೆಂಟ್ ಬೆರಳಾಡಿಸಿದ. ಇದು ಲೆಕ್ಕಕ್ಕಿಲ್ಲ.

ಡೆಲ್ಮರನಿಗೆ ಇನ್ನು ಉಳಿದದ್ದು ಒಂದೇ ಬಾಣ. ಪೆಟ್ಟಿಗೆಯ ತಳದಿಂದ ತನಗೆ ಎಲ್ಲಕ್ಕಿಂತ ಇಷ್ಟವಾದ ರೆಕಾರ್ಡು ತೆಗೆದ. ಅವನ ಅಪ್ಪ ಗಣಿಯಿಂದ ಬಂದು ಮುಖ ತೊಳೆಯುವ ಮುಂಚೆಯೇ ಹಾಕಿ ಕೇಳುತ್ತಿದ್ದ ಹಾಡು ಅದರಲ್ಲಿತ್ತು. ಅದನ್ನು ಕೇಳಿಯೂ ಜನ ಸುಮ್ಮನಿದ್ದರೆ ಈ ಊರೇ ಬೇಡ ಅಂದುಕೊಂಡ. ಮೈಕಿಗೆ ಬಾಯಿ ಹತ್ತಿರ ತಂದ. ತಲೆಯೊಳಗೆ ಹೋಬಾರ್ಟ್ ಇನ್ನೂ ಮೇಜು ಕುಟ್ಟುತ್ತಲೇ ಇದ್ದ.

"ಈಗ ಬರೋ ಹಾಡು ನನ್ನ ಜೀವ," ಅಂದ ಡೆಲ್ಮರ್. "ಇದರಲ್ಲಿ ವಯೊಲಿನ್ ಹೆಂಗೆ ಅಳುತ್ತೆ ಕೇಳಿ."

ಮುಳ್ಳು ಇನ್ನೂ ರೆಕಾರ್ಡಿಗೆ ತಾಕಿರಲಿಲ್ಲ. ಫೋನು ಹೊಡೆದುಕೊಂಡಿತು. ಪಕ್ಕದ ಫೋನೂ ಹೊಡೆದುಕೊಂಡಿತು. ಅದರ ಪಕ್ಕ, ಯಾವತ್ತೂ ಯಾರೂ ಮುಟ್ಟದ ಇನ್ನೊಂದು ಫೋನಿತ್ತು, ಅದೂ ಹೊಡೆದುಕೊಂಡಿತು.

"ಏನಂದೆ?" ಹೋಬಾರ್ಟನ ದನಿ. "ಇನ್ನೊಂದು ಸಲ ಹೇಳು. ಏನಂದೆ ನೀನು?"

"ಬಾಯಿ ತಪ್ಪಿ ಬಂತು ಹೋಬಾರ್ಟ್. ಪಿಟೀಲು. ಪಿಟೀಲು ಅಂತಲೇ..."

"ಗಿರಾಕಿ ಗಡ್ಡ ಅರ್ಧಕ್ಕೆ ಬಿಟ್ಟು ಫೋನ್ ಮಾಡ್ತಿದ್ದೀನಿ. ನಿನ್ನಂಥವರಿಂದಲೇ ಕಂಟ್ರಿ ಸತ್ತದ್ದು."

ಆಮೇಲೆ ಬಂದವರು ಚರ್ಚಿನ ಪಾದ್ರಿ ಬ್ರದರ್ ಎಲ್ಝಿ. ಅವರು ಬೈಯಲಿಲ್ಲ. ಮಗನೇ ಡೆಲ್ಮರ್, ನಾಳೆ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಸೇರಿಸ್ತೀನಿ ಅಂದರು. ಅದು ಬೈದದ್ದಕ್ಕಿಂತ ಕಷ್ಟವಾಯಿತು. ಮಿಸ್ ಓವಲೀನ್ ತನ್ನ ಅಂಗಡಿಯ ಹೆಂಗಸರೆಲ್ಲರ ಪರವಾಗಿ ಛೀ ಅಂದಳು. ಹಿಂದಿನಿಂದ ಹೆಂಗಸರೂ ಛೀ ಅಂದದ್ದು ಕೇಳಿಸಿತು. ಗುಡ್ಡದಾಚೆಯ ಊರಿನಿಂದ ಗುರುತಿಲ್ಲದ ಮುದುಕನೊಬ್ಬ ಫೋನ್ ಮಾಡಿ, ನಿನ್ನ ಅಪ್ಪ ನನ್ನ ಜೊತೆ ಗಣಿಯಲ್ಲಿದ್ದ, ಇದನ್ನ ಕೇಳೋಕೆ ಅವನಿಲ್ಲ, ಪುಣ್ಯವಂತ ಅಂದ.

"ಸ್ವಲ್ಪ ತಡೀರಿ, ಹಾಡು ಕೇಳಿ. ಕೇಳಿ ಆಮೇಲೆ ಬೈಯಿರಿ," ಡೆಲ್ಮರ್ ಅಂಗಲಾಚಿದ.

"ಹಾಡು ಎಲ್ಲಿಗೂ ಓಡಿಹೋಗಲ್ಲ. ನಾನು ಮಾತಾಡ್ತಿದ್ದೀನಲ್ಲ," ಅಂದ ಮುದುಕ.

ಮುಂದಿನ ದನಿ ಕೇಳಿ ಡೆಲ್ಮರನ ಜೀವ ಬಾಯಿಗೆ ಬಂತು. ವಿಲ್ಡಾ.

"ಮದುವೆಯಾದಾಗಿನಿಂದ ಅಡುಗೆಮನೇಲಿ ನನ್ನ ತಲೆ ತಿಂದೆ. ಪಿಟೀಲು ಹಿಂಗೆ, ಪಿಟೀಲು ಹಂಗೆ, ಇವತ್ತಿನವರಿಗೆ ಏನು ಗೊತ್ತು ಅಂತ. ಈಗ ಊರ ಮುಂದೆ ವಯೊಲಿನ್ ಅಂತೀಯಾ? ನಾನು ಅಂಗಡಿಗೆ ಯಾವ ಮುಖ ಇಟ್ಕೊಂಡು ಹೋಗಲಿ?"

"ವಿಲ್ಡಾ, ಇದು ರೇಡಿಯೋ ಕಣೇ."

"ಗೊತ್ತು. ಅದಕ್ಕೇ ಮಾಡಿದ್ದು. ಮನೇಲಿ ನನ್ನ ಮಾತು ನೀನೆಲ್ಲಿ ಕೇಳ್ತೀಯ?"

ಅಷ್ಟರಲ್ಲಿ ಬರ್ಲ್ ಮತ್ತೆ ಬಂದ. ವಯೊಲಿನ್ ಅಂದರೆ ಅನ್ನಲಿ, ಆದರೆ ಕಂಟ್ರಿ ಸತ್ತದ್ದು ಡ್ರಮ್ಮಿನಿಂದಲೇ ಅಂದ. ಇನ್ನೊಂದು ಫೋನಿನಲ್ಲಿ ಕಾದಿದ್ದ ಹೋಬಾರ್ಟ್, ಬಾಯಿ ಮುಚ್ಚೋ ಆಡಿನವನೇ ಅಂದ. ಡೆಲ್ಮರನನ್ನು ಬಿಟ್ಟು ಅವರವರೇ ಹತ್ತಿಕೊಂಡರು. ಓವಲೀನ್ ಬಿಗಿ ಪ್ಯಾಂಟಿನ ಮಾತು ತಂದಳು. ಬ್ರದರ್ ಎಲ್ಝಿ ಶಾಂತಿ ಶಾಂತಿ ಅನ್ನುತ್ತಲೇ, ನನ್ನ ಕೇಳಿದರೆ ಮೈಕು ಬಂದಾಗಲೇ ಸತ್ತಿತು ಅಂತ ಅವರದ್ದೂ ಒಂದು ಸೇರಿಸಿದರು. ಡೆಲ್ಮರ್ ರೆಕಾರ್ಡನ್ನು ಎದೆಗೆ ಅವಚಿಕೊಂಡು ಕೂತಿದ್ದ. ಅಪ್ಪನ ಹಾಡು ಒಂದು ಸಾಲೂ ಆಗಲಿಲ್ಲ. ಗಂಟೆ ಮುಗಿದುಹೋಯಿತು.

ಆದರೂ ಅವನೊಳಗೆ ಒಂದು ಸಣ್ಣ ಖುಷಿ ಎದ್ದಿತು. ಬೈದರೇನು, ಜನ ಕೇಳುತ್ತಿದ್ದಾರೆ. ಇಷ್ಟು ವರ್ಷ ಯಾರೂ ಇಲ್ಲ ಅಂದುಕೊಂಡದ್ದು ಸುಳ್ಳು. ಒಂದು ಮಾತು ತಪ್ಪಿದ್ದಕ್ಕೆ ಗಡ್ಡ ಅರ್ಧಕ್ಕೆ ಬಿಟ್ಟು ಓಡಿಬರುತ್ತಾರೆಂದರೆ ಹಳೇ ಸಂಗೀತ ಹೇಗೆ ಸಾಯುತ್ತದೆ? ಅವನ ಕಣ್ಣು ಒದ್ದೆಯಾಯಿತು.

ಬಾಗಿಲು ತಳ್ಳಿಕೊಂಡು ಬಂದ ಟ್ರೆಂಟ್ ಎರಡೂ ಕೈಯಿಂದ ಅವನ ಕೈ ಹಿಡಿದು ಕುಲುಕಿದ.

"ಡೆಲ್ಮರ್ ಅವರೇ, ಈ ಸ್ಟೇಷನ್ನಿನ ಚರಿತ್ರೆಯಲ್ಲೇ ಇಷ್ಟು ಫೋನು ಬಂದಿಲ್ಲ. ನಿಮ್ಮ ಪ್ರೋಗ್ರಾಮ್ ಎಲ್ಲೂ ಹೋಗಲ್ಲ. ಒಂದು ಗಂಟೆ ಅಲ್ಲ, ಎರಡು ಗಂಟೆ ಮಾಡೋಣ."

"ಎರಡು ಗಂಟೆ," ಡೆಲ್ಮರ್ ಪೆಟ್ಟಿಗೆ ಮುಟ್ಟಿ ನೋಡಿಕೊಂಡ. "ಮನೇಲಿ ಇನ್ನೂ ನಾಲ್ಕು ಪೆಟ್ಟಿಗೆ ರೆಕಾರ್ಡಿದೆಯಪ್ಪ. ಯಾರೂ ಕೇಳದೇ ಇರೋವು. ಎಲ್ಲ ತರ್ತೀನಿ."

"ರೆಕಾರ್ಡು ಯಾಕೆ?" ಟ್ರೆಂಟ್ ನಿಜವಾಗಿಯೂ ಆಶ್ಚರ್ಯದಿಂದ ಕೇಳಿದ. "ನಾನು ಕೂತು ನೋಡಿದ್ದೀನಿ. ಹಾಡು ಓಡೋವಾಗ ಫೋನು ಸತ್ತಿರುತ್ತೆ. ಹಾಡು ನಿಂತ ತಕ್ಷಣ ಊರಿಗೆ ಊರೇ ಎದ್ದು ಬರುತ್ತೆ. ಇನ್ನು ಹಾಡು ಬೇಡವೇ ಬೇಡ. 'ಹಳೇ ಕಂಟ್ರಿ ಸತ್ತದ್ದು ಹೇಗೆ?' ಅಂತ ಹೆಸರಿಡೋಣ. ಎರಡು ಗಂಟೆ ಬರೀ ಫೋನು. ಮಧ್ಯೆ ಮಧ್ಯೆ ನೀವು ವಯೊಲಿನ್ ಅಂತಿರಿ, ಸಾಕು."

ಅಷ್ಟು ಹೇಳಿ, ಡೆಲ್ಮರ್ ಬೇಡ ಅನ್ನುವುದರೊಳಗೆ ಮೈಕಿಗೆ ಬಗ್ಗಿ ಊರಿಗೆಲ್ಲ ಸಾರಿಯೂ ಬಿಟ್ಟ.

ಡೆಲ್ಮರ್ ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲಿಳಿದ. ಬೀದಿಗೆ ಬಂದರೆ ಹೋಬಾರ್ಟ್ ಕತ್ತರಿ ಕೈಯಲ್ಲಿ ಹಿಡಿದು ಅಂಗಡಿ ಬಾಗಿಲಲ್ಲಿ ಕಾಯುತ್ತಿದ್ದ. ಹಿಂದೆ ಅರ್ಧ ಗಡ್ಡದ ಗಿರಾಕಿ. ಇಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ. ಹೋಬಾರ್ಟ್ ಬಂದು ಡೆಲ್ಮರನನ್ನು ತಬ್ಬಿಕೊಂಡೇಬಿಟ್ಟ.

"ಕೇಳಿದೆ ಕಣೋ, ರೇಡಿಯೋದಲ್ಲಿ ಹೇಳಿದ್ರು. ಆ ಟ್ರೆಂಟನ ಮುಂದೆ ಗೆದ್ದು ಬಂದೆಯಲ್ಲ. ನಮ್ಮ ಹಳೇ ಸಂಗೀತಾನ ನೀನೊಬ್ಬನೇ ಉಳಿಸಿದೆ ನೋಡು."

ಡೆಲ್ಮರನಿಗೆ ಬಯ್ಯಬೇಕೋ ಅಳಬೇಕೋ ತಿಳಿಯಲಿಲ್ಲ.

"ಹಾಡೇ ಇಲ್ಲವಲ್ಲೋ ಹೋಬಾರ್ಟ್," ಅಂದ ಕೊನೆಗೆ.

"ಅದೇ ನಾನೂ ಹೇಳ್ತಿರೋದು," ಅಂದ ಹೋಬಾರ್ಟ್, ಅವನ ಬೆನ್ನು ತಟ್ಟುತ್ತ. "ಇನ್ನು ಮುಂದೆ ಒಂದು ಶನಿವಾರಾನೂ ತಪ್ಪಿಸಲ್ಲ."