ಗೋಧಿ ಹೊಲದ ಮೂರು ಸುತ್ತು

ತನಗೆ ಟ್ರ್ಯಾಕ್ಟರ್ ಓಡಿಸಲು ಬರುವುದಿಲ್ಲ ಎಂಬ ಒಂದು ಮಾತನ್ನು ಬಾಯಿಬಿಟ್ಟು ಹೇಳಿದ್ದರೆ ಅಳಿಯಂದಿರ ಆ ದಿನ ಸುಖವಾಗಿ ಕಳೆಯುತ್ತಿತ್ತು. ಹೇಳಲಿಲ್ಲ. ಮಾವನ ಮನೆಯಲ್ಲೇ ಇದ್ದು ಉಣ್ಣುವವನಿಗೆ ಮರ್ಯಾದೆ ಮೊದಲೇ ಅಷ್ಟಕ್ಕಷ್ಟೆ, ಇರುವುದನ್ನೂ ಯಾಕೆ ಕಳೆದುಕೊಳ್ಳುವುದು ಅಂತ ಸುಮ್ಮನಾದರು.

ಅಳಿಯಂದಿರ ಕಸುಬು ಗಡಿಯಾರ ರಿಪೇರಿ. ಪೇಟೆಯ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಅಂಗಡಿಯ ಮೇಲೆಯೇ ಒಂದು ಕೋಣೆಯೂ ಸಿಕ್ಕಿತ್ತು. ಒಂದೇ ಕಿಟಕಿ, ಅಡುಗೆಗೆ ಮೂಲೆಯಲ್ಲೊಂದು ಕಟ್ಟೆ. ಆದರೂ ಗಂಡ ಹೆಂಡತಿಗೆ ಅದು ಅರಮನೆ, ಯಾಕೆಂದರೆ ಅಲ್ಲಿ ಮಾವ ಇರಲಿಲ್ಲ. ಆ ಸಂಜೆಯೊಳಗೆ ಬಂದು ಬೀಗದ ಕೈ ತೆಗೆದುಕೊಳ್ಳದಿದ್ದರೆ ಕೋಣೆ ಬೇರೆಯವರಿಗೆ ಎಂದು ಅಂಗಡಿ ಯಜಮಾನ ಖಡಾಖಂಡಿತವಾಗಿ ಹೇಳಿದ್ದ. ಮಾವನದೂ ಒಂದು ಮಾತಿತ್ತು: ಗೋಧಿ ಕಟಾವು ಮುಗಿಯಲಿ, ಆಮೇಲೆ ಧಾರಾಳವಾಗಿ ಹೋಗಿ. ಕಟಾವಿನ ಯಂತ್ರ ಅವತ್ತು ಬೆಳಿಗ್ಗೆಯೇ ಬರುವುದಿತ್ತು. ಎಲ್ಲವೂ ಹೇಳಿ ಮಾಡಿಸಿದ ಹಾಗೆ ಕೂಡಿಬಂದಿತ್ತು.

ಯಂತ್ರ ಕರೆತರಲು ಹೊರಟ ಮಾವ, ಹೊಲದ ಬಾಯಿಗೆ ಟ್ರ್ಯಾಕ್ಟರ್ ಅಡ್ಡ ನಿಂತಿದೆ, ಸ್ವಲ್ಪ ಪಕ್ಕಕ್ಕಿಡಿ ಅಂತ ಹೇಳಿ ಹೋದರು. ಅಳಿಯಂದಿರು ಹತ್ತಿ ಕೂತು ಕಂಡ ಕಂಡದ್ದನ್ನೆಲ್ಲ ಒತ್ತಿದರು, ಎಳೆದರು. ಟ್ರ್ಯಾಕ್ಟರ್ ಒಮ್ಮೆ ಗುಡುಗಿ ನೇರವಾಗಿ ಗೋಧಿಯೊಳಗೆ ನುಗ್ಗಿತು. ಎಡಕ್ಕೆ ತಿರುಗಿದ ಸ್ಟೀರಿಂಗು ಮತ್ತೆ ನೆಟ್ಟಗಾಗಲು ಒಪ್ಪಲಿಲ್ಲ. ಒಂದು ದೊಡ್ಡ ಸುತ್ತು ಹಾಕಿತು, ಪಕ್ಕದಲ್ಲಿ ಅದಕ್ಕಿಂತ ಚಿಕ್ಕದು, ಅದರ ಪಕ್ಕದಲ್ಲಿ ಇನ್ನೂ ಚಿಕ್ಕದು. ಕೊನೆಗೆ ಅದಕ್ಕೇ ಬೇಜಾರಾಯಿತೇನೋ, ನೆಟ್ಟಗೆ ಹೊರಗೆ ಬಂದು ಬೇಲಿಯ ಪಕ್ಕದಲ್ಲಿ ತಾನಾಗಿಯೇ ನಿಂತಿತು. ಮಾವ ಇಡಿ ಅಂದಿದ್ದೂ ಅಲ್ಲೇ. ಅಳಿಯಂದಿರು ಇಳಿದು, ಅತ್ತಿತ್ತ ನೋಡಿ, ಮನೆಗೆ ಹೋಗಿ ಮುಖ ತೊಳೆದುಕೊಂಡರು.

ಹೊಲದಾಚೆಯ ಸೇತುವೆಯ ಮೇಲಿಂದ ಆ ಸುತ್ತುಗಳನ್ನು ಮೊದಲು ನೋಡಿದವನು ಹಾಲಿನವನು. ಅವನ ಬಾಯಿಗೆ ಬಿದ್ದ ಸುದ್ದಿ ಬಾಗಿಲು ಬಾಗಿಲಿಗೂ ಹಾಲಿನ ಜೊತೆಗೇ ಹೋಯಿತು. ಮಾವ ಯಂತ್ರದ ಜೊತೆ ವಾಪಸು ಬರುವಷ್ಟರಲ್ಲಿ ಹೊಲದ ಸುತ್ತ ಜನವೋ ಜನ. ಟೈರಿನ ಗುರುತು ಇತ್ತು, ಇಲ್ಲವೆಂದಲ್ಲ. ಆದರೆ ನೋಡಲು ಬಂದವರು ಅದರ ಮೇಲೆಯೇ ನಿಂತು ನೋಡಿದ್ದರಿಂದ ಒಂದೂ ಉಳಿಯಲಿಲ್ಲ.

ರಿಟೈರ್ ಆದ ಲೆಕ್ಕದ ಮೇಷ್ಟ್ರು ಮುಂದೆ ಬಂದರು. ದೂರದ ದೇಶಗಳ ಹೊಲಗಳಲ್ಲೂ ಹೀಗೆ ಚಕ್ರ ಬೀಳುತ್ತವಂತೆ, ಮೇಲಿನ ಲೋಕದವರು ನಮಗೆ ಕಳಿಸುವ ಸಂದೇಶ ಅಂತ ಕೆಲವರು ನಂಬುತ್ತಾರಂತೆ. ಇದರ ಅಡ್ಡಗಲ, ಸುತ್ತಳತೆ ಎಲ್ಲ ಲೆಕ್ಕ ಹಾಕಿ ಅರ್ಥ ಬಿಡಿಸಬೇಕು, ಅದಕ್ಕೆ ಒಂದು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಒಂದು ತೆನೆಯನ್ನೂ ಮುಟ್ಟಕೂಡದು ಅಂದರು. ಮಾವ ಭಕ್ತಿಯಿಂದ ತಲೆಯಾಡಿಸಿದರು. ಅಳಿಯಂದಿರು ಪೇಟೆಯ ಸಂಜೆ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ಬೆರಳು ಮಡಿಸಿ ಎಣಿಸತೊಡಗಿದರು.

ದರ್ಜಿ ಅದನ್ನು ಒಪ್ಪಲಿಲ್ಲ. ಅವನ ಪ್ರಕಾರ ಅದು ಅಪ್ಪ, ಅಮ್ಮ, ಮಗುವಿನ ಅಂಗಿಯ ಕುತ್ತಿಗೆಯ ಕಟಿಂಗು. ಮೇಲಿನವರು ಅಳತೆ ಕಳಿಸಿದ್ದಾರೆ, ಬಟ್ಟೆ ಆಮೇಲೆ ಕಳಿಸುತ್ತಾರೆ ಅಂತ ವಾದಿಸಿದ. ಆಸ್ಪತ್ರೆಯ ಕಾಂಪೌಂಡರು ನಕ್ಕುಬಿಟ್ಟರು. ಮೂರು ಗುಂಡಗಿನವು ಅಂದ ಮೇಲೆ ಮೂರು ಮಾತ್ರೆಗಳೇ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಯಾವ ರೋಗಕ್ಕೆ ಅನ್ನುವುದನ್ನು ಮಾತ್ರ ಬರೆದಿಲ್ಲ ಎಂದರು. ದರ್ಜಿಗೂ ಕಾಂಪೌಂಡರಿಗೂ ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಯಂತ್ರದವನು ಆಕಳಿಸುತ್ತ, ಮಧ್ಯಾಹ್ನದ ಮೇಲೆ ತಾನು ಇಲ್ಲಿರುವುದಿಲ್ಲ, ಮತ್ತೆ ಈ ಕಡೆ ಯಾವಾಗ ಬರುತ್ತೇನೋ ಗೊತ್ತಿಲ್ಲ ಅಂದ.

ಅಳಿಯಂದಿರು ಹೆಂಡತಿಯನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡರು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಪ್ಪನ ಹತ್ತಿರ ಹೋಗಿ ತಪ್ಪಾಯ್ತು ಅಂದುಬಿಡ್ತೀನಿ ಎಂದು ಅಳಿಯಂದಿರು ಎದ್ದಾಗ ಮಾತ್ರ ಗಂಭೀರವಾದಳು.

"ಬೇಡ ರೀ. ಗೊತ್ತಾದ್ರೆ ಟ್ರ್ಯಾಕ್ಟರ್ ಓಡಿಸೋದು ಕಲಿಯೋ ತನಕ ಅಪ್ಪ ನಿಮ್ಮನ್ನ ಬಿಡಲ್ಲ. ಅಷ್ಟು ಜನ ಅಷ್ಟೊಂದು ಅರ್ಥ ಹೇಳ್ತಿದಾರೆ, ನೀವೂ ಒಂದು ಹೇಳಿ. ಬೇಗ ಕೊಯ್ಯಬೇಕು ಅನ್ನೋ ಅಂಥದ್ದು ಹೇಳಿ."

ಅಳಿಯಂದಿರಿಗೆ ತಾನು ಮದುವೆಯಾದದ್ದು ಎಂಥ ಬುದ್ಧಿವಂತೆಯನ್ನು ಎಂದು ಹೆಮ್ಮೆಯಾಯಿತು. ಹೊಲಕ್ಕೆ ಅಂಟಿಕೊಂಡೇ ಇದ್ದ ಮನೆಯ ಮಾಳಿಗೆ ಹತ್ತಿ, ಹೊಲವನ್ನು ಆ ತುದಿಯಿಂದ ಈ ತುದಿಗೆ ದಿಟ್ಟಿಸಿ, ಗಂಟಲು ಸರಿಮಾಡಿಕೊಂಡರು. ಕೆಳಗೆ ಜಗಳ ನಿಂತಿತು.

"ಇದು ಗಡಿಯಾರ," ಅಂದರು. "ದೊಡ್ಡ ಚಕ್ರ, ನಡುವಿನ ಚಕ್ರ, ಸಣ್ಣ ಚಕ್ರ. ಯಾವ ಗಡಿಯಾರ ಬಿಚ್ಚಿದ್ರೂ ಒಳಗೆ ಹೀಗೇ ಇರುತ್ತೆ. ಪಕ್ಕದಲ್ಲಿ ನೆಟ್ಟಗೆ ಹೋಗಿದೆಯಲ್ಲ, ಅದು ಮುಳ್ಳು. ಮುಳ್ಳು ಎಲ್ಲಿಗೆ ತೋರಿಸ್ತಿದೆ, ನೀವೇ ನೋಡಿ."

ಎಲ್ಲರೂ ನೋಡಿದರು. ಮುಳ್ಳಿನ ತುದಿಯಲ್ಲಿ, ಬೇಲಿಯ ಹತ್ತಿರ, ಟ್ರ್ಯಾಕ್ಟರಿನ ಪಕ್ಕದಲ್ಲೇ ಕಟಾವಿನ ಯಂತ್ರ ನಿಂತಿತ್ತು.

"ಹೊತ್ತಾಯ್ತು, ಕೊಯ್ಯಿರಿ. ಅಷ್ಟೇ ಅದರ ಅರ್ಥ."

ಮೊದಲು ಮೇಷ್ಟ್ರೇ ಚಪ್ಪಾಳೆ ತಟ್ಟಿದರು. ತನ್ನ ಲೆಕ್ಕವೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು, ಸ್ವಲ್ಪ ತಡವಾಗುತ್ತಿತ್ತು ಅಷ್ಟೆ ಅಂದರು. ಮಾವ ಯಂತ್ರದವನಿಗೆ ಕೈ ಮಾಡಿದರು. ದರ್ಜಿ, ಕಾಂಪೌಂಡರು, ಹಾಲಿನವನು ಎಲ್ಲರೂ ಜಗಳ ಮರೆತು ಚೀಲ ಹಿಡಿಯಲು ನಿಂತರು. ಅಳಿಯಂದಿರು ಬೆವರು ಸುರಿಸಿ ದುಡಿದರು, ಹುಮ್ಮಸ್ಸಿನಲ್ಲಿ ಹಾಡಿಕೊಂಡೂ ದುಡಿದರು. ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಕೊನೆಯ ಚೀಲ ಒಳಗೆ ಸೇರಿತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕಣಜದ ಬಾಗಿಲು ಮುಚ್ಚಿದ್ದೇ ತಡ, ಎಲ್ಲಿತ್ತೋ ಏನೋ, ಮಳೆ ಧೋ ಎಂದು ಸುರಿಯಿತು. ಸುತ್ತಮುತ್ತಲಿನ ಹೊಲಗಳಲ್ಲಿ ಗೋಧಿ ಮಲಗಿಬಿಟ್ಟಿತು. ಎಲ್ಲರ ಬೆಳೆಯೂ ನೆನೆಯಿತು, ಮಾವನದೊಂದು ಬಿಟ್ಟು. ಜಗಲಿಯಲ್ಲಿ ನಿಂತವರೆಲ್ಲ ಮಳೆಯನ್ನು ನೋಡುವುದು ಬಿಟ್ಟು ಅಳಿಯಂದಿರನ್ನು ನೋಡತೊಡಗಿದರು.

ಕಾಂಪೌಂಡರು ತಮ್ಮ ಮನೆಯ ಗೋಡೆಯಲ್ಲಿ ಬಿಟ್ಟ ಬಿರುಕಿಗೆ ಏನು ಅರ್ಥ ಅಂತ ಮೆಲ್ಲಗೆ ಕೇಳಿದರು. ದರ್ಜಿ ಇಸ್ತ್ರಿಯಿಂದ ಸುಟ್ಟ ಒಂದು ಪ್ಯಾಂಟನ್ನೇ ತಂದು ಹರಡಿದ. ಮಾವ ಅವರನ್ನೆಲ್ಲ ಸರಿಸಿ, ಅಳಿಯಂದಿರ ಕೈ ಹಿಡಿದರು. ಇಂಥವರು ಮನೆಯಲ್ಲಿದ್ದೂ ನಾನು ಗುರುತಿಸಲಿಲ್ಲ, ಕ್ಷಮಿಸಿಬಿಡಿ ಅಂದರು. ಪೇಟೆಯ ಯಜಮಾನನಿಗೆ ಈಗಷ್ಟೇ ಫೋನು ಮಾಡಿ, ಕೋಣೆ ಬೇರೆಯವರಿಗೆ ಕೊಟ್ಟುಬಿಡಿ ಅಂತ ಹೇಳಿಯೂ ಆಯಿತು ಅಂದರು.

ಇನ್ನು ಮರ್ಯಾದೆಯನ್ನು ಇಟ್ಟುಕೊಂಡು ಏನು ಮಾಡುವುದು? ಹೆಂಡತಿ ಬೇಡ ಬೇಡ ಅಂತ ಕಣ್ಸನ್ನೆ ಮಾಡುತ್ತಿದ್ದರೂ ಅಳಿಯಂದಿರು ಎಲ್ಲರೆದುರು ಹೇಳಿಯೇಬಿಟ್ಟರು.

"ಮಾವ, ಅದು ಯಾರ ಸಂದೇಶವೂ ಅಲ್ಲ. ಟ್ರ್ಯಾಕ್ಟರ್ ಚಕ್ರದ್ದು. ನಾನೇ ಓಡಿಸಿದ್ದು. ನನಗೆ ಓಡಿಸೋಕೆ ಬರಲ್ಲ."

ಮಾವನಿಗೆ ಸಿಟ್ಟು ಬರಲಿಲ್ಲ. ಅಳಿಯನ ಮುಖವನ್ನೇ ಒಂದು ಗಳಿಗೆ ಪ್ರೀತಿಯಿಂದ ನೋಡಿದರು.

"ಹತ್ತಿ ಕೂತವರು ನೀವೇ ಇರಬಹುದು ಅಳಿಯಂದಿರೇ. ಅಷ್ಟು ಗುಂಡಗೆ ತಿರುಗಿಸಿದ್ದು ಯಾರು?"

ಅಳಿಯಂದಿರು ತಿರುಗಿಸಲಿಲ್ಲ ಅನ್ನುವುದಂತೂ ನಿಜವೇ ಆಗಿತ್ತು. ಜಗಲಿಯ ತುಂಬ ಜನ ಒಬ್ಬೊಬ್ಬರಾಗಿ ಕೈ ಮುಗಿದರು. ಮಾವ ಮಾತ್ರ ಆಗಲೇ ಮುಂದಿನ ಬಿತ್ತನೆಯ ಯೋಚನೆಯಲ್ಲಿದ್ದರು. ಇನ್ನು ಮೇಲೆ ಆ ಟ್ರ್ಯಾಕ್ಟರನ್ನು ಅಳಿಯಂದಿರ ಹೊರತು ಬೇರೆ ಯಾರೂ ಮುಟ್ಟಕೂಡದು, ಅವರಿಗೆ ಓಡಿಸುವುದನ್ನು ಯಾರೂ ಕಲಿಸಲೂ ಕೂಡದು ಎಂದು ಅಲ್ಲಿಯೇ ಅಪ್ಪಣೆ ಮಾಡಿದರು.