ಜಂಬಯ್ಯನ ಅರ್ಧ ಎಕರೆ

ಎಲ್ಲ ಎಡವಟ್ಟಾದದ್ದು ಗುಮ್ಮಘಟ್ಟದ ಚಹಾದಂಗಡಿಯಲ್ಲಿ. ಜಂಬಯ್ಯ ಆ ವರ್ಷ ಅರ್ಧ ಎಕರೆ ಶೇಂಗಾವನ್ನು ಎಣ್ಣೆ ಕಂಪನಿಯವರು ಹೇಳಿದಂತೆ, ಕಂಪನಿ ಬೀಜದಿಂದಲೇ ಬಿತ್ತಿದ್ದ. ಉಳಿದರ್ಧ ತನ್ನಪ್ಪನ ಪದ್ಧತಿ. ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ, ಅಪ್ಪನ ಪದ್ಧತಿಯೇ ಗೆಲ್ಲುತ್ತದೆಂದು ಜಂಬ ಕೊಚ್ಚಿದ. ಲೋಟ ಆರುವುದರೊಳಗೆ ಪಕ್ಕದ ಹೊಲದ ರೇವಣಸಿದ್ದಯ್ಯ ಕಂಪನಿಯ ಅಧಿಕಾರಿ ಚಂದ್ರಮೋಹನನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದ.

ಹತ್ತು ಗಂಟೆಗೆ ಹೊಲಕ್ಕೆ ಜೀಪು ಬಂತು, ಹಿಂದೆಯೇ ಅರ್ಧ ಊರು ಬಂತು. ರಾಯದುರ್ಗದ ಹೊಲಿಗೆ ಷೆಡ್ಡಿಗೆ ದಿನಾ ಆಟೋದಲ್ಲಿ ಜೀನ್ಸ್ ಹೊಲಿಯಲು ಹೋಗುವ ಹೆಂಗಸರಿಗೂ ರಜೆ. ಜಂಬಯ್ಯನ ಹೆಂಡತಿ ಚಿತ್ತಮ್ಮನೂ ಅವರಲ್ಲೊಬ್ಬಳು; ಅವರ ನಡುವೆಯೇ ಬದುವಿನ ಮೇಲೆ ಕೂತಳು.

ಜಂಬಯ್ಯನಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ಹೂ ಬಿಡುವಾಗ ಹಾಕಿ ಎಂದು ಕಂಪನಿ ಕೊಟ್ಟಿದ್ದ ಜಿಪ್ಸಂ ಚೀಲಗಳನ್ನು ಅವನು ಬದುವಿಗೆ ಒಗೆದು ಮಲಗಿದ್ದ. ಬಿಳಿ ಪುಡಿಯಿಂದ ಕಾಯಿ ಕಟ್ಟುವುದಾದರೆ ಸುಣ್ಣ ಬಳಿದ ಗೋಡೆಯೂ ಕಾಯಿ ಬಿಡಬೇಕಿತ್ತು ಎಂಬುದು ಅವನ ವಾದ.

ಕಂಪನಿ ಭಾಗದ ಗಿಡ ಕಿತ್ತರು. ಒಂಬತ್ತು ಕಾಯಿ, ಅರ್ಧ ಜೊಳ್ಳು. ಅಪ್ಪನ ಭಾಗದ ಗಿಡದಲ್ಲಿ ಮೂವತ್ತೊಂದು, ದೊಡ್ಡಿಯ ಕುರಿಗಳಂತೆ ಒತ್ತೊತ್ತಾಗಿ. ಚಂದ್ರಮೋಹನನ ಮುಖ ಬಾಡಿದ ಬದನೆಕಾಯಿಯಾಯಿತು. ರೇವಣಸಿದ್ದಯ್ಯ ಜಂಬಯ್ಯನನ್ನು ಬಂಡಿ ಹತ್ತಿಸಿ ಭಾಷಣಕ್ಕೆ ನಿಲ್ಲಿಸಿದ. ಮಣ್ಣಿನ ವಾಸನೆ ಹಿಡಿದು ಬೇಸಾಯ ಮಾಡುವವರು ತಮ್ಮ ವಂಶದವರು, ಕೊಟ್ಟಿಗೆ ಗೊಬ್ಬರ ಬಿಟ್ಟರೆ ಒಂದು ಚಿಟಿಕೆ ಏನೂ ಹಾಕಿಲ್ಲ ಎಂದು ಜಂಬಯ್ಯ ಕಾಲು ಗಂಟೆ ಕೊರೆದ.

ಚಂದ್ರಮೋಹನ ಬಗ್ಗಿ ಆ ಗಿಡದ ಬುಡದ ಮಣ್ಣು ಕೆದಕಿದ. ಬೆಳ್ಳಗೆ ಹರಳುಗಳು.

"ಜಂಬಯ್ಯನವರ, ಇದೇನ್ರಿ?"

ಚಿತ್ತಮ್ಮ ಸೆರಗು ಕೊಡವಿ ಎದ್ದಳು.

"ಅದು ನಾ ಹಾಕಿದ್ದು ಸಾರ್. ಇವ್ರು ಬದುವಿಗೆ ಒಗೆದಿದ್ರು. ಮಳಿಗೆ ಹಾಳಾಗ್ತಾವಂತ ಹೂ ಬಿಟ್ಟಾಗ ಒಂದ್ ಭಾನುವಾರ ಹಾಕಿದೆ. ಷೆಡ್ಡಿನ ಟೇಪ್ ಹಿಡಿದು, ಬುಡದಿಂದ ಎರಡಿಂಚಿಗೆ."

"ಕಂಪನಿ ಭಾಗಕ್ಕ ಯಾಕ ಹಾಕ್ಲಿಲ್ಲಮ್ಮ?"

"ಕಂಪನಿ ಹೊಲಕ್ಕ ಕಂಪನಿಯವ್ರು ಹಾಕ್ಕಂತಾರ ಅಂದ್ಕಂಡೆ. ಮನಿ ಹೊಲ ಬಿಟ್ಟು ಮಂದಿ ಹೊಲಕ್ಕ ಯಾರ್ ಹಾಕ್ತಾರ್ರಿ?"

ಬದನೆಕಾಯಿ ಮುಖ ಅರಳಿ ಕುಂಬಳವಾಯಿತು. ಮುಂದಿನ ಹಂಗಾಮಿಗೆ ಇಪ್ಪತ್ತೆರಡು ಮನೆಯವರು ಅಲ್ಲೇ ಜಿಪ್ಸಂಗೆ ಹೆಸರು ಬರೆಸಿದರು. ಕಂಪನಿ ಪರವಾಗಿ ಊರಿಗೆ ಬೇಸಾಯ ಕಲಿಸಲು ಚಂದ್ರಮೋಹನ ಚಿತ್ತಮ್ಮನನ್ನೇ ನೇಮಿಸಿದ. ಪ್ರತಿ ಭಾನುವಾರ ಪಾಠ. ಕಲಿಯುವವರ ಪಟ್ಟಿಯ ಮೊದಲ ಸಾಲಿಗೆ ರೇವಣಸಿದ್ದಯ್ಯ ಜಂಬಯ್ಯನ ಹೆಸರು ಸೇರಿಸಿದ.

ಭಾನುವಾರ ತನಗೆ ನಿದ್ದೆಯ ದಿನವೆಂದು ಜಂಬಯ್ಯ ಬಂಡಿ ಇಳಿಯುತ್ತ ಗೊಣಗಿದ.

"ಏಳಕ್ಕ ಬರ್ರಿ," ಎಂದಳು ಚಿತ್ತಮ್ಮ. "ಷೆಡ್ಡಿನ್ಯಾಗ ತಡ ಆದ್ರ ಅರ್ಧ ದಿನದ ಕೂಲಿ ಕಟ್. ಇಲ್ಲಿ ಊಟ ಕಟ್."